ಬನಹಟ್ಟಿಯ ಫೈರ್‌ಮನ್ ಮಲ್ಲಪ್ಪ

ಬೆಳಿಗ್ಗೆ ಎಂಟಕ್ಕೆ ಬೀಳಗಿಯಲ್ಲಿ ಜಮಖಂಡಿ ಬಸ್ಸು ಹತ್ತಿದೆವು. ಜೊತೆಗಿದ್ದವರು ಸೋದರಮಾವ ಶಿವಪ್ಪ. ರೈಲಿನ ಉಗಿ ಎಂಜಿನ್ನಿನ ಡ್ರೈವರ್ ಆಗಿದ್ದವರು, ಈಗ ಎಂಬತ್ತರ ಹತ್ತಿರ. ಅವರ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್ ಮಲ್ಲಪ್ಪ ಬನಹಟ್ಟಿಯಲ್ಲಿದ್ದಾರೆಂದು ಹೋದ ವಾರವಷ್ಟೇ ತಿಳಿದಿತ್ತು.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಮಾವ ಹಳೆಯದನ್ನೆಲ್ಲ ತೆಗೆದರು. "ಮುಂದ ಬೆಂಕಿ, ಬೆನ್ನಿಗೆ ಥಂಡಿ ಗಾಳಿ ನೋಡವಾ. ಸಲಿಕಿ ಮ್ಯಾಲ ರೊಟ್ಟಿ ಬೆಚ್ಚಗ ಮಾಡ್ಕೊಂಡು ತಿಂತಿದ್ವಿ." ದೂರದ ಊರು ಮುಟ್ಟಿದ ಮೇಲೆ ಮಲಗಲು ರನ್ನಿಂಗ್ ರೂಮು. ಒಬ್ಬ ಎದ್ದ ಹಾಸಿಗೆ ಆರುವ ಮೊದಲೇ ಅದರಲ್ಲಿ ಇನ್ನೊಬ್ಬ. "ಖಾಯಂ ಇದ್ದದ್ದು ತಗಣಿ ಅಷ್ಟ" ಎಂದು ನಕ್ಕರು.

ಜಮಖಂಡಿ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಆ ನಗೆ ಇರಲಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಮಲ್ಲಪ್ಪ ಕಲ್ಲಿದ್ದಲಿನ ರಾಶಿಗೆ ಒರಗಿ ನಿದ್ದೆಹೋಗಿದ್ದರಂತೆ. ಮಾವ ರಿಪೋರ್ಟ್ ಬರೆದರು. ಮೇಲಿನವರು ಮಲ್ಲಪ್ಪನನ್ನು ಎಂಜಿನ್ ಕೆಲಸದಿಂದ ಇಳಿಸಿದರು.

"ಅಂವಾ ಎರಡು ದಿನ ನಿದ್ದಿಗೆಟ್ಟಿದ್ದ. ನನಗ ಗೊತ್ತಿತ್ತು. ಆದ್ರೂ ರಿಪೋರ್ಟ್ ಬರದೆ."

ಟಂಟಂ ಆಟೊ ಹಿಡಿದು ಬನಹಟ್ಟಿಗೆ ಬಂದೆವು. ಓಣಿಯ ತುಂಬ ವಿದ್ಯುತ್ ಮಗ್ಗಗಳ ಸದ್ದು. ಮಲ್ಲಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಗುರುತು ಹಿಡಿದು ಎದ್ದರು. ಮಾವ ಕೈ ಜೋಡಿಸಿ, "ತಪ್ಪಾತು ಮಲ್ಲಪ್ಪಾ" ಎಂದರು.

ಮಲ್ಲಪ್ಪ ಕಿವಿಗೆ ಕೈಯಿಟ್ಟರು. "ಏನ್ರಿ?"

ಮಾವ ಜೋರಾಗಿ ಹೇಳಿದರು. ಎದುರು ಮನೆಯ ಹೆಂಗಸರು ಹೊರಗೆ ಬಂದರು, ಮಲ್ಲಪ್ಪನಿಗೆ ಮಾತ್ರ ಕೇಳಲಿಲ್ಲ. ಕೊನೆಗೆ ಅವರೇ ಸೊಸೆಗೆ ಹೇಳಿ ತಮ್ಮ ಮನೆಯೊಳಗಿನ ಮಗ್ಗ ನಿಲ್ಲಿಸಿದರು. ಮೂರನೆಯ ಸಲ ಮಾವ ಮೆಲ್ಲಗೆ, "ನನ್ನ ರಿಪೋರ್ಟಿನಿಂದ ನಿನ್ನ ನೌಕರಿ ಕೆಟ್ಟತು" ಎಂದರು.

"ಒಂದ್ ವರ್ಷ ನಿಮಗ ಬಾಯಿ ತುಂಬ ಬೈದೇನ್ರಿ" ಎಂದರು ಮಲ್ಲಪ್ಪ. "ಪಗಾರ ಕಡಿಮಿ ಆತು, ಖರೆ. ಆದ್ರ ಶೆಡ್ಡಿನ್ಯಾಗ ಎಂಜಿನ್ ಒರಸೋ ಕೆಲಸ, ದಿನಾ ಸಂಜಿಗೆ ಮನಿ. ನಮ್ಮಪ್ಪ ಯಾರು ಅಂತ ನನ್ನ ಮಕ್ಕಳಿಗೆ ಗೊತ್ತಾಗಿದ್ದ ಅವಾಗ್ರಿ. ಬರ್ರಿ, ಊಟ ಮಾಡೂಣು."

ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಮಾವ ಮೂರು ರೊಟ್ಟಿ ತಿಂದರು.

ಹೊರಡುವಾಗ ಮಲ್ಲಪ್ಪ ಚೀಲ ಹಿಡಿದು ತಾವೂ ಟಂಟಂ ಏರಿದರು. "ಎಲ್ಲಿಗ್ರಿ ಮಾವಾರ?" ಎಂದಳು ಸೊಸೆ. "ಬೀಳಗಿಗೆ. ಎರಡು ದಿನ ಇದ್ದು ಬರ್ತೇನಿ."

ಜಮಖಂಡಿಯಲ್ಲಿ ಬೀಳಗಿ ಬಸ್ಸು ತುಂಬಿತ್ತು, ಒಂದೇ ಸೀಟು ಖಾಲಿ. ಮಾವ ಮಲ್ಲಪ್ಪನನ್ನು ಹಿಡಿದು ಅದರಲ್ಲಿ ಕೂಡಿಸಿ, ತಾವು ಕಂಬಿ ಹಿಡಿದು ನಿಂತರು. ನಾನು ಬೇಡವೆಂದರೂ ಕೇಳಲಿಲ್ಲ. ಬೀಳಗಿ ಬರುವವರೆಗೂ ಇಬ್ಬರ ಮಾತು ಮುಗಿಯಲಿಲ್ಲ.