ಸೋತವರ ಕರಪತ್ರ ಓದಿಸಿದ ಗುರುಗಳು

ವಿಜಯಪುರ ಜಿಲ್ಲೆಯಲ್ಲಿ ರಾಜ್ಯಶಾಸ್ತ್ರ ಬೋಧಿಸಿದ ವಿದ್ವಾಂಸರಿಗೆ ಕೊರತೆಯಿಲ್ಲ. ಆದರೆ ರಾಜಕೀಯ ತಿಳಿಯಲು ಮೊದಲು ಯಾವ ಪುಸ್ತಕ ಓದಬೇಕೆಂದು ಕೇಳಿದ ವಿದ್ಯಾರ್ಥಿಯ ಕೈಗೆ ಪುಸ್ತಕ ಕೊಡದೆ, ಹಳೆಯ ಚುನಾವಣಾ ಕರಪತ್ರವೊಂದನ್ನು ಕೊಟ್ಟವರು, ನಾನು ಕಂಡಂತೆ, ಪ್ರೊ. ಹೃಷೀಕೇಶ ಗೋವಿಂದರಾವ ಸಾಲೋಟಗಿ ಗುರುಗಳೊಬ್ಬರೇ. ಇಂಡಿಯಲ್ಲಿ ಹತ್ತು, ಮುದ್ದೇಬಿಹಾಳದಲ್ಲಿ ಏಳು, ಸಿಂದಗಿಯಲ್ಲಿ ಹದಿನೇಳು ವರ್ಷ ಪಾಠ ಹೇಳಿ ನಿವೃತ್ತರಾಗುತ್ತಿರುವ ಅವರ ಬಗ್ಗೆ ಬರೆಯುವ ಭಾಗ್ಯ ನನ್ನದಾಯಿತು.

ಕರಪತ್ರವೆಂದರೆ ಎಲ್ಲರದ್ದೂ ಅಲ್ಲ, ಸೋತ ಅಭ್ಯರ್ಥಿಗಳದ್ದು ಮಾತ್ರ. "ಗೆದ್ದವರ ಮಾತು ಊರೆಲ್ಲಾ ಕೇಳಿರ್ತದ. ಸೋತವರು ಏನ್ ಹೇಳಿದ್ರು ಓದ್ರಿ, ಊರಿಗೆ ಏನ್ ಬ್ಯಾಡಾಗಿತ್ತು ತಿಳೀತದ" ಎನ್ನುತ್ತಿದ್ದರು. ಅದಾದ ಮೇಲೆ ಗ್ರಾಮ ಪಂಚಾಯತಿಯ ಠರಾವುಗಳು, ಆಮೇಲೆ ಸಂವಿಧಾನ, ಕೊನೆಗೆ ಗ್ರಂಥಗಳು. "ದಪ್ಪ ಪುಸ್ತಕ ಎಲ್ಲಿ ಓಡಿ ಹೋಗ್ತಾವು? ಕಪಾಟಿನ್ಯಾಗ ಇರ್ತಾವ" ಎಂದು ನಗುತ್ತಿದ್ದರು.

ಅವರು ಸಿಂದಗಿಗೆ ಬಂದ ವರ್ಷವೇ ನಾನು ಬಿ.ಎ.ಗೆ ಸೇರಿದೆ. ಒಂದು ದಿನ ಅವರು ತರಗತಿಯಲ್ಲಿ ಹಂಚಿದ ಕರಪತ್ರಗಳಲ್ಲಿ ಒಂದು, ನಮ್ಮೂರು ಮೋರಟಗಿಯಿಂದ ತಾಲೂಕು ಪಂಚಾಯತಿಗೆ ನಿಂತು ಸೋತ ಬಸಂತರಾಯರದು. ಅವರು ನನ್ನ ತಂದೆಯೆಂದು ಹೊಸದಾಗಿ ಬಂದ ಗುರುಗಳಿಗೆ ತಿಳಿದಿರಲಿಲ್ಲ. ಸಹಪಾಠಿ ನಿಯಾಜನಿಗೆ ತಿಳಿದಿತ್ತು. "ಸರ್, ಇದು ವಿದ್ಯಾವತಿ ಅಪ್ಪಂದ್ರಿ! ಡಿಪಾಜಿಟ್ಟೂ ಉಳೀಲಿಲ್ರಿ!" ಎಂದುಬಿಟ್ಟ. ತರಗತಿ ಘೊಳ್ಳೆಂದು ನಕ್ಕಿತು. ನಾನು ಅಳುತ್ತ ಎದ್ದುಹೋದೆ.

ಆ ಸೋಲಿನ ನಂತರ ಅಪ್ಪ ಹೊಲ ಬಿಟ್ಟರೆ ಮನೆ, ಮನೆ ಬಿಟ್ಟರೆ ಹೊಲ ಎಂಬಂತಾಗಿದ್ದರು. ಚುನಾವಣೆಯ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ನಡೆದದ್ದನ್ನು ಕೇಳಿ ಒಂದೇ ಮಾತು ಹೇಳಿದರು: "ನಾಳಿಂದ ಕಾಲೇಜ್ ಬ್ಯಾಡ." ನನ್ನ ಓದು ಅಲ್ಲಿಗೇ ಮುಗಿಯಿತೆಂದು ಎದೆ ಒಡೆದುಹೋಗಿತ್ತು.

ಆ ಭಾನುವಾರ ಗುರುಗಳು ಬಸ್ಸು ಹಿಡಿದು ಮೋರಟಗಿಗೆ ಬಂದರು. ಕೂಡ್ರುವ ಮೊದಲೇ ಕೈಮುಗಿದರು. "ತಪ್ಪಾತ್ರಿ ಬಸಂತರಾಯರ. ಯಾರ ಮಗಳು ಮುಂದ ಕೂತಾಳ ಅಂತ ನಾನು ಕೇಳಬೇಕಾಗಿತ್ತು."

"ಸೋತವನ ಹೆಸರು ಯಾಕ ಎತ್ತೀರಿ, ಸರ?" ಎಂದರು ಅಪ್ಪ. ಮುಖ ಎತ್ತಲಿಲ್ಲ.

ಗುರುಗಳು ಉಪದೇಶಕ್ಕಿಳಿಯಲಿಲ್ಲ, ನನ್ನ ಪರವಾಗಿ ವಾದವನ್ನೂ ಹೂಡಲಿಲ್ಲ. "ಈ ಕರಪತ್ರ ಬರದವರು ಯಾರ್ರಿ?" ಎಂದಷ್ಟೇ ಕೇಳಿದರು.

"ನಾನ ಬರದೇನಿ."

"ಹಂಗಾದ್ರ ಕ್ಲಾಸಿಗೆ ಬಂದು ನೀವ ಓದಿ ಹೇಳ್ರಿ. ನನಗಿಂತ ಛಲೋ ಹೇಳ್ತೀರಿ."

ಅಪ್ಪ ಬೇಡವೆಂದು ಕೈಯಾಡಿಸಿದರು. ಒಳಗಿನಿಂದ ಅವ್ವ ಹೊನ್ನವ್ವ, "ಆವಾಗ ಊರೆಲ್ಲಾ ಮೈಕಿನ್ಯಾಗ ಒದರ್ಕೋತ ತಿರುಗಿದ್ರಿ. ಈಗ ನಾಕ ಹುಡುಗರ ಮುಂದ ನಾಚಿಕಿ ಬಂತೇನ್ರಿ?" ಎಂದಳು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಸೋತ ಮೇಲಿನ ಎರಡು ವರ್ಷಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಗುರುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪ ನನ್ನನ್ನೂ ಕರೆದುಕೊಂಡು ಕಾಲೇಜಿಗೆ ಬಂದರು. ಕರಪತ್ರದಲ್ಲಿದ್ದುದು ಒಂದೇ ಭರವಸೆ: ಹೆಣ್ಣುಮಕ್ಕಳು ಸಿಂದಗಿಗೆ ಹೋಗಿ ಓದಲು ಬೆಳಗಿನ ಬಸ್ಸು. ನಾನೂ ಅದನ್ನು ಮನಸ್ಸಿಟ್ಟು ಕೇಳಿದ್ದು ಅಂದೇ ಮೊದಲು. ಓದಿ ಮುಗಿಸಿದಾಗ ನಿಯಾಜನೇ ಎದ್ದು, ಈ ಸಲ ವಿನಯದಿಂದ, "ಇಷ್ಟು ಛಲೋ ಮಾತಿಗೆ ಯಾಕ ಓಟ್ ಬೀಳಲಿಲ್ರಿ ಕಾಕಾ?" ಎಂದು ಕೇಳಿದ.

ಅಪ್ಪ ಕರಪತ್ರ ಮಡಚಿ ಜೇಬಿಗಿಟ್ಟರು. "ಬಸ್ ಬೇಕಾದ ಹುಡುಗ್ಯಾರಿಗೆ ಓಟ್ ಇರಲಿಲ್ಲಪಾ. ಓಟ್ ಇದ್ದ ಅವರ ಅಪ್ಪಂದಿರಿಗೆ ಬಸ್ ಬ್ಯಾಡಾಗಿತ್ತು."

ಯಾರೂ ನಗಲಿಲ್ಲ. ಗುರುಗಳು ಆ ಮಾತನ್ನು ಹಲಗೆಯ ಮೇಲೆ ಬರೆದು, "ಇದು ಇವತ್ತಿನ ಪಾಠ" ಎಂದರು. ನಾನು ಮುಂದೆ ಓದಿದ ಯಾವ ಗ್ರಂಥವೂ ರಾಜಕೀಯವನ್ನು ಇಷ್ಟು ತಿಳಿಯಾಗಿ ಹೇಳಲಿಲ್ಲ. ಆ ಸಂಜೆ ಮನೆಗೆ ಹೊರಟಾಗ ಅಪ್ಪ, "ನಾಳಿ ಎಷ್ಟಕ್ಕ ಐತಿ ಕ್ಲಾಸ್?" ಎಂದು ಕೇಳಿದರು. ಇಂದು ಬಸವನ ಬಾಗೇವಾಡಿಯಲ್ಲಿ ನಾನು ಅದೇ ವಿಷಯ ಬೋಧಿಸುತ್ತಿರುವುದು ಗುರುಗಳ ಆ ಒಂದು ಭಾನುವಾರದಿಂದ. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಗುರುಗಳು ನಿವೃತ್ತರಾಗುವ ಸುದ್ದಿಯನ್ನು ನಾನು ತಿಳಿಸಿದಾಗ ಎಪ್ಪತ್ತು ದಾಟಿದ ಅಪ್ಪ ನನ್ನಿಂದಲೇ ಫೋನು ಹಚ್ಚಿಸಿದರು. "ಸರ, ಮನ್ಯಾಗ ಕುಂಡ್ರಬ್ಯಾಡ್ರಿ. ಸಿಂದಗಿ ಪುರಸಭೆಗೆ ನಿಲ್ರಿ. ಕರಪತ್ರ ಬರೆಯೋದು ನನಗ ಬಿಡ್ರಿ."

"ನಿಶ್ಚಿತ ಸೋಲ್ತೇನ್ರಿ," ಎಂದರು ಗುರುಗಳು.

"ಸೋಲ್ರಿ! ಮರುದಿನ ಮುಂಜಾನಿ ನಾ ನಿಮ್ಮ ಮನಿಗೆ ಬರ್ತೇನಿ. ಇಬ್ಬರೂ ಕೂಡಿ ಪ್ಯಾಟ್ಯಾಗ ತಲಿ ಎತ್ತಿ ಅಡ್ಡಾಡೂಣು."

ಗುರುಗಳಿಗೆ ಆಯುರಾರೋಗ್ಯ ಸದಾ ಇರಲಿ, ಅವರ ಓದು ಓದಿಸುವಿಕೆ ಎಂದೂ ನಿಲ್ಲದಿರಲಿ. ಅಪ್ಪ ಈಗಾಗಲೇ ಎರಡು ಪುಟ ಬರೆದಿದ್ದಾರೆ.