ಕಿಟಕಿ ಕಟ್ಟೆಯ ಮೇಲೆ ಮೂರು ಕಲ್ಲು

ಗಂಗಾವತಿಯ ವಿರುಪಣ್ಣ ಮಾಸ್ತರರ ಕಲ್ಲುಗಳನ್ನು ಕೊಂದವನು ನಾನು. ಅವರ ಅಕ್ಕ ಶಿವಗಂಗವ್ವ ಅಲ್ಲ. ಕಲ್ಲನ್ನು ಕೊಲ್ಲುವುದೆಂದರೇನು ಎಂದು ನೀವು ಕೇಳಬಹುದು — ಅದನ್ನು ವಿವರಿಸದೆ ನನ್ನ ತಪ್ಪು ಎಷ್ಟು ದೊಡ್ಡದೆಂದು ಹೇಳಲಾಗದು.

ಎಂಬತ್ತರ ದಶಕದ ಆರಂಭದ ಮಾತು. ಕೊಪ್ಪಳದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನಿವೃತ್ತ ವಿಜ್ಞಾನ ಮಾಸ್ತರೊಬ್ಬರು ಮನೆಯಲ್ಲಿ ಜೀವವಿರುವ ಕಲ್ಲು ಸಾಕಿದ್ದಾರೆಂದು ಕೇಳಿ ಗಂಗಾವತಿಗೆ ಬಸ್ಸು ಹತ್ತಿದೆ. ಪಡಸಾಲೆಯ ಕಿಟಕಿಯ ಪಕ್ಕ ಸಿಮೆಂಟಿನ ತೊಟ್ಟಿ, ಅದರ ಒಂದು ಬದಿಗೆ ಗಾಜು. ಒಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡುಗಳನ್ನು ಮೆಟ್ಟಿಲಿನಂತೆ ಕೂಡಿಸಿ ಮೂರು ಅಂತಸ್ತು ಮಾಡಿದ್ದರು. ಅವುಗಳ ಮೇಲೆ ಸಾಣಾಪುರದ ಕಡೆಯಿಂದ ತಂದ ಹೊಳೆಗಲ್ಲುಗಳು. ಕಲ್ಲುಗಳ ಮೈಗೆ ಹಸಿರು, ಮಾಸಲು ಹಳದಿ ಬಣ್ಣದ ದಪ್ಪನೆಯ ಪದರು. ನಾನು ಪಾಚಿ ಎಂದೆ.

"ಪಾಚಿ ಅಲ್ರಿ, ಸ್ಪಂಜು. ಪ್ರಾಣಿ ಅದು," ಎಂದರು ಮಾಸ್ತರರು. "ಸಮುದ್ರದಾಗ ಹವಳ ಹೆಂಗ ಕಲ್ಲ ಹಿಡದು ಬೆಳಿತೈತಿ, ನಮ್ಮ ಹೊಳ್ಯಾಗ ಇದು ಹಂಗ."

ಅಡುಗೆಮನೆಯಿಂದ ಶಿವಗಂಗವ್ವನ ದನಿ ಬಂತು. "ಪ್ರಾಣಿ ಅಂತ! ಬೊಗಳಂಗಿಲ್ಲ, ಹಾಲ ಕೊಡಂಗಿಲ್ಲ. ಮಂದಿ ಎಮ್ಮಿ ಕಟ್ಯಾರ, ನಮ್ಮ ತಮ್ಮ ಕಲ್ಲ ಕಟ್ಯಾನ. ಬರಕೋರಿ, ಪೇಪರಿನ್ಯಾಗ ಇದನ್ನೂ ಹಾಕ್ರಿ."

"ಹಾಕ್ರಿ, ಹಾಕ್ರಿ. ಹೊಳಿ ನೀರಿನ ಕೊಡ ದಿನಾ ಇಕೀನ ತುಂಬಸ್ತಾಳಂತ ಅದನ್ನೂ ಹಾಕ್ರಿ," ಎಂದು ಮಾಸ್ತರರು ನಕ್ಕರು.

ಅವರು ಮದುವೆಯಾದವರಲ್ಲ. ಆಕೆ ಗಂಡ ತೀರಿಕೊಂಡ ಮೇಲೆ ಯಲಬುರ್ಗಾ ಕಡೆಯ ಹಳ್ಳಿಯಿಂದ ತಮ್ಮನ ಮನೆಗೆ ಬಂದು ನಿಂತವರು. ಆ ಮನೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಇದ್ದದ್ದು ಆ ಕಲ್ಲುಗಳೇ.

ಕಲ್ಲು ಜೋಡಿಸುವ ಕ್ರಮವನ್ನು ಮಾಸ್ತರರು ಪಾಠದಂತೆ ಹೇಳಿದರು. ಹಸಿರಿನವು ಬೆಳಕು ಬೀಳುವ ಮೇಲಿನ ಅಂತಸ್ತಿಗೆ. ಮಾಸಲಿನವು ನೆರಳಿಗೆ, ಕೆಳಗೆ. ಒಂದಕ್ಕೊಂದು ತಾಗಿಸಬಾರದು, ಗೋಡೆಗೂ ಒತ್ತಬಾರದು — ಹಿಂದಿನಿಂದ ನೀರು ಸುಳಿದಾಡಬೇಕು. ಮಣ್ಣು ಕೂರದಂತೆ ಕಲ್ಲನ್ನು ಓರೆಯಾಗಿಡಬೇಕು. ನಡುವಿನ ಅಂತಸ್ತಿನಲ್ಲಿ ಹೊಸ ಸಸಿಗಳು: ನೀರಿನೊಳಗೇ ಬ್ಲೇಡಿನಿಂದ ಕೊಯ್ದ ಚೂರನ್ನು ಬರಿಗಲ್ಲಿಗೆ ದಾರದಿಂದ ಕಟ್ಟಿ, ಅದು ಕಚ್ಚಿಕೊಳ್ಳುವವರೆಗೆ ಕಾಯುವುದು. ಎಷ್ಟೋ ಸತ್ತ ಮೇಲೆ ಕೆಲವು ಕಚ್ಚಿಕೊಂಡಿದ್ದವು.

"ಒಂದ ಮಾತು ನೆಪ್ಪಿಡ್ರಿ. ಇದನ್ನ ನೀರಿನಿಂದ ಮ್ಯಾಲೆತ್ತಬಾರದು. ತೂತಿನ್ಯಾಗ ಗಾಳಿ ಹೊಕ್ತಂದ್ರ ಮುಗೀತು, ಸಾಯ್ತೈತಿ. ಒಂದು ಸತ್ತು ಕೊಳೀತಂದ್ರ ತೊಟ್ಟಿ ಪೂರಾ ಕೆಡ್ತೈತಿ."

ಹೊಳೆ ಇಳಿದು ಬಂಡೆ ಒಣಗಿದಾಗ ಏನಾಗುತ್ತದೆ ಎಂದು ಕೇಳಿದೆ. ಮೈ ಸಾಯುತ್ತದೆ, ಆದರೆ ಕಲ್ಲಿನ ಮೇಲೆ ಸಾಸಿವೆಗಿಂತ ಸಣ್ಣ ಕಾಳು ಉಳಿಯುತ್ತವೆ. ಮತ್ತೆ ನೀರು ಬಂದರೆ ಆ ಕಾಳಿನಿಂದಲೇ ಚಿಗುರುತ್ತದೆ ಎಂದರು. ಎಲ್ಲವನ್ನೂ ಬರೆದುಕೊಂಡೆ. ಅಂದರೆ — ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಯಾರೋ ಕರೆದರೆಂದು ಅವರು ಬೀದಿಗೆ ಹೋದರು. ತೊಟ್ಟಿಯೊಳಗೆ ಕತ್ತಲು, ನನ್ನ ಕ್ಯಾಮೆರಾಕ್ಕೆ ಆ ಬೆಳಕು ಸಾಲದು. ಕಿಟಕಿ ಕಟ್ಟೆಯ ಮೇಲೆ ಒಳ್ಳೆಯ ಬಿಸಿಲಿತ್ತು. ಅಂಗಿಯ ತೋಳು ಮಡಚಿ ಮೂರು ಕಲ್ಲುಗಳನ್ನು ಹೊರತೆಗೆದೆ. ಕಟ್ಟೆಯ ಮೇಲೆ ಚಂದ ಕಾಣುವಂತೆ ಜೋಡಿಸಿದೆ — ಒಂದಕ್ಕೊಂದು ತಾಗಿಸಿ. ಚಿತ್ರ ತೆಗೆದು, ತೊಟ್ಟಿಯಲ್ಲಿ ಮೊದಲಿದ್ದ ಜಾಗದಲ್ಲೇ ಮತ್ತೆ ಇಟ್ಟೆ. ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಷ್ಟೇ ನನ್ನ ಕಸುಬಾಗಿತ್ತು.

ಚಹಾ ತಂದ ಶಿವಗಂಗವ್ವ ಕಟ್ಟೆಯ ಮೇಲಿನ ನೀರು ಕಂಡರು. "ಕಲ್ಲ ಬೆವತಾವೇನ್ರಿ?" ಎಂದು ನಕ್ಕು, ಸೆರಗಿನಿಂದ ಒರೆಸಿಬಿಟ್ಟರು. ನಾನೂ ನಕ್ಕೆ.

ಆ ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಪತ್ರಿಕೆಗೆ ಕಳಿಸಲಿಲ್ಲ, ಅಚ್ಚಾದರೆ ಮಾಸ್ತರರಿಗೆ ತಿಳಿಯುತ್ತಿತ್ತು. ಅವರು ತೊಟ್ಟಿಯ ಪಕ್ಕ ನಿಂತಿದ್ದ ಮಬ್ಬು ಚಿತ್ರವೇ ಅಚ್ಚಾಯಿತು.

ಪತ್ರಿಕೆ ಕೊಡಲು ಹೋದಾಗ ಬಾಗಿಲಲ್ಲೇ ನಾತ ಬಡಿಯಿತು. ತೊಟ್ಟಿಯ ನೀರು ಕಲಗಚ್ಚಿನಂತಾಗಿತ್ತು. ಪದರುಗಳು ಬೂದಿ ಬಣ್ಣಕ್ಕೆ ತಿರುಗಿ ಕಳಚುತ್ತಿದ್ದವು. ಮಾಸ್ತರರು ಅಕ್ಕನ ಎದುರು ನಿಂತಿದ್ದರು.

"ಸಬಕಾರದ ಕೈ ತೊಳಕೊಳ್ಳದ ಗಾಜು ಒರಸಾಕ ಹೋಗೀದಿ. ಎಷ್ಟ ಸಲ ಹೇಳೇನಿ ನಿನಗ?"

"ನಾ ಮುಟ್ಟಿಲ್ಲೋ ತಮ್ಮಾ. ಯಾಕ ಮುಟ್ಟಲಿ?"

ಅವರು ನನ್ನ ಕಡೆ ತಿರುಗಿದರು. ಪತ್ರಿಕೆಯನ್ನು ನೋಡಲೇ ಇಲ್ಲ. "ನೀವ ಹೇಳ್ರಿ. ಪೇಪರಿನವ್ರು, ಸುಳ್ಳ ಹೇಳಂಗಿಲ್ಲ ನೀವು. ಅವತ್ತ ನಾ ಹೊರಗ ಹೋದಾಗ ಅಕ್ಕ ತೊಟ್ಟ್ಯಾಗ ಕೈ ಹಾಕಿದ್ಲೇನು?"

"ನಾನು ನೋಡಲಿಲ್ಲರಿ," ಎಂದೆ.

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅದರ ಮೋಸ — ಅಧಿಕಾರಿಗಳು ಹಾಗೆ ಉತ್ತರಿಸಿದಾಗ ನುಣುಚಿಕೊಂಡರೆಂದು ಬರೆಯುತ್ತಿದ್ದವನು ನಾನು.

ಶಿವಗಂಗವ್ವ ಒಮ್ಮೆ ಕಿಟಕಿ ಕಟ್ಟೆಯನ್ನು ನೋಡಿದರು. ಆಮೇಲೆ ನನ್ನನ್ನು. "ಹೋಗ್ಲಿ ಬಿಡ್ರಿ," ಎಂದರು, "ಚಾ ಇಡ್ಲೇನು?" ಆಕೆಗೆ ತಿಳಿದಿತ್ತೇ? ಮನೆಗೆ ಬಂದವನ ಮರ್ಯಾದೆ ಕಾಯಲು ಸುಮ್ಮನಾದರೇ? ಇವತ್ತಿಗೂ ನನಗೆ ಗೊತ್ತಿಲ್ಲ.

ಆ ವಾರದಲ್ಲೇ ಆಕೆ ತಮ್ಮನ ಮನೆ ಬಿಟ್ಟು ಯಲಬುರ್ಗಾ ಬಸ್ಸು ಹತ್ತಿದರು. ಮಾಸ್ತರರು ಕಲ್ಲುಗಳಿಗೆ ವಿಷ ತಾಗಿದೆ ಎಂದುಕೊಂಡು ಎಲ್ಲವನ್ನೂ ಬೀದಿಗೆ ಹಾಕಿ, ತೊಟ್ಟಿಗೆ ಸುಣ್ಣ ಬಳಿದರು. ಗಾಳಿ ಹೊಕ್ಕು ಸತ್ತವು ಎಂದು ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ, ಕಾಳಿಗಾಗಿ ಕಾಯುತ್ತಿದ್ದರು. ಕಾಯುವುದು ಅವರಿಗೆ ಬರುತ್ತಿತ್ತು.

ಆಮೇಲೆ ಬೇರೆ ಕೆಲಸಕ್ಕೆ ಗಂಗಾವತಿಗೆ ಹೋದಾಗ ಆ ರಾಶಿ ಅಲ್ಲೇ ಬಿದ್ದಿತ್ತು. ಒಂದು ಕಲ್ಲನ್ನು ಚೀಲಕ್ಕೆ ಹಾಕಿಕೊಂಡೆ. ಯಾಕೆಂದು ಆಗ ನನಗೇ ತಿಳಿದಿರಲಿಲ್ಲ. ಮಾಸ್ತರರ ಬಾಗಿಲು ಹಾಕಿತ್ತು, ಬಡಿಯಲಿಲ್ಲ. ಆ ಮಳೆಗಾಲ ಸಾಣಾಪುರದಿಂದ ಡಬ್ಬಿಯಲ್ಲಿ ನೀರು ತಂದು ಕಲ್ಲನ್ನು ಬೋಗುಣಿಯಲ್ಲಿ ಮುಳುಗಿಸಿಟ್ಟೆ. ಕೊಪ್ಪಳದ ಆ ಕೋಣೆಗೆ ಯಾರೂ ಬರುತ್ತಿರಲಿಲ್ಲ. ಬಾಗಿಲು ತೆರೆದೊಡನೆ ಮೊದಲು ಬೋಗುಣಿ ನೋಡುವುದು ರೂಢಿಯಾಯಿತು. ಒಂದು ಸಂಜೆ ಕಲ್ಲಿನ ಸಂದಿಯಲ್ಲಿ ಬಿಳಿಯ ಚುಕ್ಕೆ. ಬರಬರುತ್ತ ಅದು ಅಗಲವಾಯಿತು, ಹಸಿರಾಯಿತು.

ನಾನು ಹೇಳಬೇಕೆಂದಿದ್ದ ತಪ್ಪು ಇದು. ಕಲ್ಲು ಎತ್ತಿದ್ದು ಆತುರ, "ನೋಡಲಿಲ್ಲ" ಎಂದದ್ದು ಅಂಜಿಕೆ. ಆದರೆ ಆಗಿನ್ನೂ ಕಾಲವಿತ್ತು — ಮಾಸ್ತರರು ಬದುಕಿದ್ದರು, ಒಬ್ಬರೇ ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದರು. ಅಕ್ಕ ಬಸ್ಸಿನ ದಾರಿಯಷ್ಟು ದೂರದಲ್ಲಿದ್ದರು. ಬೋಗುಣಿ ಎತ್ತಿಕೊಂಡು ಹೋಗಿ ಅವರ ಮುಂದಿಟ್ಟಿದ್ದರೆ ಸಾಕಿತ್ತು. ಒಯ್ದಿದ್ದರೆ ತೊಟ್ಟಿಯವು ಸತ್ತದ್ದು ಹೇಗೆಂದು ಹೇಳಬೇಕಾಗುತ್ತಿತ್ತು. ಅದಕ್ಕೇ ಒಯ್ಯಲಿಲ್ಲ. ಆ ಹಸಿರನ್ನು ಬೆಳೆಸುವುದು ನನಗೆ ತಿಳಿಯಲಿಲ್ಲ. ಬೇಸಿಗೆ ಬರುವ ಮೊದಲೇ ಹೋಯಿತು.

ಮಾಸ್ತರರು ತೀರಿಕೊಂಡ ಸುದ್ದಿಯನ್ನು ಬರೆದವನೂ ನಾನೇ. ನಾಲ್ಕು ಸಾಲು. ಅಕ್ಕನನ್ನು ಅಗಲಿದ್ದಾರೆ ಎಂದು ಕೊನೆಗೆ ಸೇರಿಸಿದೆ.

ಶಿವಗಂಗವ್ವ ಇನ್ನೂ ಇದ್ದಾರೆ, ವಯಸ್ಸು ನೂರರ ಹತ್ತಿರ, ಕಣ್ಣು ಮಂಜಾಗಿದೆ ಎಂದು ಆ ಊರಿನವರೊಬ್ಬರಿಂದ ಈಚೆಗೆ ತಿಳಿಯಿತು. ನಾಳೆ ಹೋಗುತ್ತೇನೆ. ಕ್ಷಮೆ ಕೇಳಲು ಅಲ್ಲ. ಕೇಳಿದರೆ ಆಕೆ ಕೊಟ್ಟುಬಿಡುತ್ತಾರೆ, ಮತ್ತೆ ಚಹಾಕ್ಕಿಡುತ್ತಾರೆ. ಆಕೆಯ ತಮ್ಮ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಅವರ ಬದಲು ಆಕೆಗಾದರೂ ಉತ್ತರ ಹೇಳಬೇಕು: ಅಕ್ಕ ಕೈ ಹಾಕಿರಲಿಲ್ಲ. ತೊಟ್ಟಿಯಲ್ಲಿದ್ದದ್ದು ನನ್ನ ಕೈ.