ವಿರೂಪಾಕ್ಷಮ್ಮ ಕಟ್ಟಿದ ಹಡಗು

ನಾಟಕ ಕಂಪನಿಯಲ್ಲಿ ಅರ್ಧ ಆಯುಷ್ಯ ಬಣ್ಣ ಹಚ್ಚಿದ ವಿರೂಪಾಕ್ಷಮ್ಮನಿಗೆ ಶಾಲೆಗಳ ವಾರ್ಷಿಕೋತ್ಸವದ ಗ್ಯಾದರಿಂಗ್ ಎಂದರೆ ಮೈಯೆಲ್ಲ ಉರಿ. ಕಂಪನಿ ಮುಚ್ಚಿದ ಮೇಲೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆ ಮಾಡಿಕೊಂಡು, ಕರೆದ ಶಾಲೆಗೆ ಹೋಗಿ ನಾಟಕ ಕಲಿಸುತ್ತಿದ್ದಳು. ಕಲಿಸುವುದೇನು ಬಂತು, ಪಾಲಕರ ಮೊಬೈಲಿಗೆ ಮುಖ ಕೊಟ್ಟು ನಿಲ್ಲುವುದನ್ನು ಹೇಳಿಕೊಡುವುದು ಎಂದು ತಾನೇ ಮೂಗು ಮುರಿಯುತ್ತಿದ್ದಳು.

ಈ ಸಲ ಕರೆದದ್ದು ಕೊಪ್ಪಳದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆ. ಹೆಡ್‌ಮಾಸ್ತರ ಸಿದ್ದಾರ್ಥ ಕೋಟು ಸರಿಮಾಡಿಕೊಳ್ಳುತ್ತ ಹೇಳಿದ:

"ನಾಕುನೂರು ವರ್ಷದ ಹಿಂದ ಇಂಗ್ಲಿಷರು ಅಟ್ಲಾಂಟಿಕ್ ದಾಟಿ ಅಮೆರಿಕಾಕ್ಕ ಹೋದ್ರಲ್ರಿ, ಆ ಹಡಗಿನ ನಾಟಕ ಆಡಿಸ್ರಿ ಅಮ್ಮಾರ. ಎಲ್ಲಾರಿಗೂ ಬಿಳಿ ಡ್ರೆಸ್. ಕಡೀಕ ಅಲ್ಲಿಯ ಮಂದಿ ಕುಣಕೋಂತ ಬಂದು ಆರತಿ ಮಾಡ್ತಾರ."

"ತಮ್ಮ ನೆಲಕ್ಕ ಬೇಲಿ ಹಾಕಾಕ ಬಂದವರಿಗೆ ಆರತಿ ಏನ್ರಿ?"

ಆತ ನಕ್ಕ. ಏನೂ ತಿಳಿಯದಿದ್ದಾಗ ನಗುವವರನ್ನು ಅವಳು ಕಂಪನಿಯಲ್ಲಿ ಬೇಕಾದಷ್ಟು ಕಂಡಿದ್ದಳು.

ಆ ಪ್ರಯಾಣದ ನಿಜ ಹೇಳಿದವಳು ಇತಿಹಾಸದ ಟೀಚರ್ ಶಮೀನಾ. "ಬಿಳಿ ಡ್ರೆಸ್ ಎಲ್ಲಿದ್ರಿ ಅಮ್ಮಾರ? ಹಡಗಿನ ಹೊಟ್ಟಿಯೊಳಗ ಕುರಿ ತುಂಬಿದಂಗ ತುಂಬಿದ್ರು. ವಾಂತಿಯೊಳಗ ಮಲಗೋದು. ಬಿರುಗಾಳಿಗೆ ಒಂದು ತೊಲಿ ಬಿರಿತು. ಅಂಥಾದ್ರಾಗ ಒಬ್ಬಾಕಿ ಹಡದಾಳ್ರಿ. ದಂಡಿ ಮುಟ್ಟಿದ ವರ್ಷ ಚಳಿಗೆ ಅರ್ಧ ಮಂದಿ ಸತ್ರು."

"ಸಾಯ್ಲಿ. ಇವರನ್ನ ಯಾರು ಬಾ ಅಂದಿದ್ರು?" ಎಂದಳು ವಿರೂಪಾಕ್ಷಮ್ಮ.

ಆದರೆ ಹಡೆದವಳ ಮಾತು ಮನಸ್ಸಿನಿಂದ ಸರಿಯಲಿಲ್ಲ. ವಿರೂಪಾಕ್ಷಮ್ಮನ ತಾಯಿ ಅವಳನ್ನು ಹಡೆದದ್ದೂ ಓಡುವ ಲಾರಿಯಲ್ಲೇ, ಕುಷ್ಟಗಿ ದಾಟಿದ ಮೇಲೆ, ಕಂಪನಿಯ ಪರದೆಗಳ ನಡುವೆ. ಮುಂದಿನ ಊರಲ್ಲಿ ಮಾಲೀಕ ಆ ಹಸಿ ಬಾಣಂತಿಗೆ ಗೆಜ್ಜೆ ಕಟ್ಟಿಸಿದ್ದ. ಗಂಡಸರ ಶೌರ್ಯದ ಕೆಳಗೆ ಯಾವಾಗಲೂ ಒಬ್ಬಳು ನರಳುತ್ತಿರುತ್ತಾಳೆ ಎನ್ನಿಸಿ, ಆ ಹೆರಿಗೆಯನ್ನೇ ನಾಟಕಕ್ಕೆ ಸೇರಿಸಿದಳು.

ಸಿದ್ದಾರ್ಥ ಹೌಹಾರಿದ. "ಗ್ಯಾದರಿಂಗ್‌ದಾಗ ಹೆರಿಗಿ ಏನ್ರಿ? ಚೇರ್ಮನ್ನರು ಮುಂದ ಕುಂತಿರ್ತಾರ!"

"ಅವರೇನು ಮುಗಿಲಿಂದ ಉದುರ್ಯಾರೇನ್ರಿ?"

ತಾಯಿಯ ಪಾತ್ರದ ಹುಡುಗಿಯನ್ನು ಅವಳ ಮನೆಯವರು ಬಿಡಿಸಿಕೊಂಡರು. ವಿರೂಪಾಕ್ಷಮ್ಮ ತಾನೇ, ಬೆಂಚು ಜೋಡಿಸಿ ಕಟ್ಟಿದ ಹಡಗಿನ ಕೆಳಗೆ ಕುಳಿತಳು. ಗ್ಯಾದರಿಂಗಿನ ಸಂಜೆ ಅವಳು ನರಳತೊಡಗಿದಾಗ ಮೊದಲು ಕೆಲವರು ಕಿಸಕ್ಕೆಂದರು. ಆಮೇಲೆ ಹೆಂಗಸರ ಸಾಲಿನಲ್ಲಿ ಎತ್ತಿ ಹಿಡಿದಿದ್ದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

ಸಿದ್ದಾರ್ಥ ಗಾಬರಿಯಿಂದ ಹಾಡು ಹಾಕಿಸಿದ. ಅಲ್ಲಿಯ ಮಂದಿಯಾಗಿದ್ದ ಮಕ್ಕಳು ಬಂದರು; ಕುಣಿಯಲಿಲ್ಲ, ಅವಳು ಕಲಿಸಿದಂತೆ ಕೈಕಟ್ಟಿ ನಿಂತು, ಹಡಗಿನಿಂದ ಇಳಿದವರನ್ನು ಸುಮ್ಮನೆ ನೋಡಿದರು. "ಕುಣೀರಲೇ!" ಎಂದು ಆತ ಪರದೆಯ ಹಿಂದಿನಿಂದ ಹಲ್ಲು ಕಡಿದ. ಒಬ್ಬರೂ ಅಲುಗಲಿಲ್ಲ.

ಚೇರ್ಮನ್ನರು ಮೈಕು ಹಿಡಿದು, "ಹಡಗು ಭಾಳ ಛಲೋ ಇತ್ತು," ಎಂದರು. ಅಷ್ಟೇ ಅವರ ಕಣ್ಣಿಗೆ ಬಿದ್ದದ್ದು. ಕೂಡಲೇ ಸಿದ್ದಾರ್ಥ ಮುಂದೆ ಬಂದು, "ಐಡಿಯಾ ನಮ್ದೇರಿ," ಎಂದು ಕೈಮುಗಿದ. ವಿರೂಪಾಕ್ಷಮ್ಮ ತನಗೆ ಹೊದಿಸಿದ ಶಾಲನ್ನು ತೆಗೆದು ಅವನ ಹೆಗಲಿಗೇ ಹಾಕಿ ಕೆಳಗಿಳಿದಳು. ಗೇಟಿನ ತನಕ ಶಮೀನಾ ಜೊತೆಗೆ ನಡೆದಳು.

ಮರುವರ್ಷವೂ ಸಿದ್ದಾರ್ಥ ಫೋನ್ ಮಾಡಿದ. "ಈ ಸಲ ಚಂದ್ರನ ಮ್ಯಾಲೆ ಹೋಗೋ ನಾಟಕ ಮಾಡೋಣ್ರಿ ಅಮ್ಮಾರ."

"ಹೋಗ್ರಿ, ಹೋಗ್ರಿ," ಎಂದಳು ವಿರೂಪಾಕ್ಷಮ್ಮ. "ಅಲ್ಲಿ ಯಾರೂ ಇಲ್ಲ. ನಿಮ್ಮ ಆರತಿ ನೀವ ಮಾಡ್ಕೋರಿ."